ಮಡ್ಡಿಯ ಮೇಲೆ ಕಚೇರಿ, ತಗ್ಗಿನಲ್ಲಿ ಕೇರಿ

ನಿವೃತ್ತಳಾಗಿ ಶಹಾಪುರದಲ್ಲಿ ಮನೆ ಮಾಡಿಕೊಂಡ ಮೇಲೂ ಹೊಸ ಇಂಜಿನಿಯರುಗಳು ನನ್ನನ್ನು ಹುಡುಕಿಕೊಂಡು ಬರುವುದು ನಿಂತಿಲ್ಲ. ಚಹಾ ಕುಡಿದು, ಲ್ಯಾಪ್‌ಟಾಪ್ ತೆಗೆದು, ಬಣ್ಣಬಣ್ಣದ ನಕ್ಷೆ ತೋರಿಸಿ, "ಮೇಡಂ, ಈ ಜಾಗ ಹೆಂಗದ ನೋಡ್ರಿ" ಎನ್ನುತ್ತಾರೆ. ನಾನು ಮೊದಲು ಕೇಳುವುದು, "ಮಳಿಗಾಲದಾಗ ಅಲ್ಲಿ ಹೋಗಿ ನಿಂತೀರೇನು?" ಎಂದು. ಹೆಚ್ಚಿನವರು ನಿಂತಿರುವುದಿಲ್ಲ. ಅವರನ್ನು ಬೈದು ಫಲವಿಲ್ಲ. ಸರಕಾರಿ ಜಾಗ ನೋಡುವ ಕೆಲಸ ನಡೆಯುವುದೇ ಬೇಸಿಗೆಯಲ್ಲಿ. ದಾರಿ ಒಣಗಿರುತ್ತದೆ, ಜೀಪು ಹೋಗುತ್ತದೆ, ಸಾಹೇಬರಿಗೆ ಬಿಡುವಿರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಯಾದಗಿರಿ ಸೀಮೆಯ ಯಾವ ಜಾಗವೂ ಮುಳುಗುವಂತೆ ಕಾಣುವುದಿಲ್ಲ.

ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಒಂದು ಹೊಸ ತಾಲ್ಲೂಕು ಕೇಂದ್ರಕ್ಕೆ ಜಾಗ ಗೊತ್ತುಮಾಡಿದಾಗ ಏನೇನಾಯಿತು ಎಂಬುದೇ ಇದರ ಮುಖ್ಯ ವಿಷಯ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಜನ ಬದುಕುತ್ತಿದ್ದಾರೆ, ಒಬ್ಬರನ್ನೊಬ್ಬರು ದಿನಾ ನೋಡಬೇಕು. ಭೀಮಾ ಹೊಳೆಗೆ ದೂರವಲ್ಲದ ಊರು ಎಂದರೆ ಸಾಕು.

ನಾನು ಸುರಪುರದವಳು. ಓದು ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಭೀಮರಾಯನಗುಡಿಯ ಕ್ಯಾಂಪಿನಲ್ಲಿ. ಕಾಲುವೆ ಕೆಲಸ ಭರದಿಂದ ನಡೆದಿದ್ದ ಕಾಲ. ಕೆಲಸದ ಜಾಗಕ್ಕೆ ಹೆಣ್ಣುಮಗಳು ಇಂಜಿನಿಯರಾಗಿ ಬಂದಳೆಂದರೆ ಕೂಲಿಯವರು ಸಲಿಕೆ ಊರಿ ನಿಂತು ನೋಡುತ್ತಿದ್ದರು. ನನಗಿಂತ ಕೆಲವು ವರ್ಷ ಹಿರಿಯರಾದ ಪಾಟೀಲರು ಮಾತ್ರ ಮೊದಲ ದಿನವೇ ಲೆವೆಲ್ ಯಂತ್ರ ನನ್ನ ಮುಂದಿಟ್ಟು, "ನಿಂತು ಏನ್ ನೋಡ್ತೀರಿ ಇಂದಿರಾಬಾಯಿ, ಹಚ್ರಿ" ಎಂದರು. ಮುಂದೆ ನನ್ನ ಮೇಲಧಿಕಾರಿಯಾದವರೂ, ನನ್ನ ಕೂಡ ಜಗಳಾಡಿದವರೂ ಅವರೇ. ಕೆಲಸ ಕಲಿಸಿದವರೂ ಅವರೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ಬೇಸಿಗೆಯ ದಿನ ಎರೆ ಹೊಲದ ಬಿರುಕಿನಲ್ಲಿ ಕೈ ಇಳಿಬಿಡಲು ಹೇಳಿದರು. ಬಿಟ್ಟೆ. ಭುಜದ ತನಕ ಹೋಯಿತು, ತಳ ಸಿಗಲಿಲ್ಲ.

"ಈ ಮಣ್ಣು ಉಸಿರಾಡ್ತದ," ಎಂದರು. "ಮಳಿ ಬಂದ್ರ ಉಬ್ಬತದ, ಬಿಸಲಿಗಿ ಕುಗ್ಗತದ. ಇದರ ಮ್ಯಾಲ ಅಗ್ಗದಾಗ ಕಟ್ಟಬೇಕು ಅಂದ್ರ ಗ್ವಾಡಿ ನಿಮ್ಮ ಮಾತು ಕೇಳಂಗಿಲ್ಲ."

ಆ ಮಾತು ನಿಜವೆಂದು ತಿಳಿಯಲು ತಡವಾಗಲಿಲ್ಲ. ಬೇರೊಂದು ಸಣ್ಣ ಊರಲ್ಲಿ ಎರೆ ಮಣ್ಣಿನ ಮೇಲೆ ಹೊಸ ಅತಿಥಿಗೃಹ ಕಟ್ಟಿದ್ದರು. ಮೊದಲ ಮಳೆಗೆ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬಂದು ಅಲ್ಲೇ ಉಳಿದರು. ಬೆಳಗ್ಗೆ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ನೆಲ ಉಬ್ಬಿ ಚೌಕಟ್ಟು ತಿರುಚಿಕೊಂಡು ಬಾಗಿಲು ಬಿಗಿದುಬಿಟ್ಟಿತ್ತು. ಒಳಗೆ ಸಾಹೇಬರು ಕೂಗುತ್ತಿದ್ದಾರೆ, ಹೊರಗೆ ಇಡೀ ಕಚೇರಿ ಕೈಕಟ್ಟಿ ನಿಂತಿದೆ. ಕಡೆಗೆ ಪಾಟೀಲರು ಹಾರೆ ಹಾಕಿ ಬಾಗಿಲು ಕಿತ್ತರು. ಟವೆಲ್ ಸುತ್ತಿಕೊಂಡು ಹೊರಬಂದ ಸಾಹೇಬರು ಮೊದಲು ಕೇಳಿದ್ದು, "ಇಲ್ಲಿ ಮಣ್ಣು ಪರೀಕ್ಷೆ ಮಾಡಿದವರು ಯಾರು?" ಎಂದು. ಪಾಟೀಲರೇ, "ಯಾರೂ ಮಾಡಿಲ್ರಿ ಸರ್. ಎಸ್ಟಿಮೇಟ್ ಜಾಸ್ತಿ ಆಗ್ತದಂತ ಅದನ್ನ ತಗದಿದ್ರು" ಎಂದರು. ಅವತ್ತಿನಿಂದ ಮಣ್ಣು ಪರೀಕ್ಷೆಗೆ ಹಣ ಕೇಳಿದರೆ ಆ ಸಾಹೇಬರು ಇಲ್ಲವೆನ್ನುತ್ತಿರಲಿಲ್ಲ.

ಇನ್ನೊಂದು ವಿದ್ಯೆಯನ್ನು ನಾನು ಊರೂರು ತಿರುಗಿ ಕಲಿತೆ. ಈಗ ಉಪಗ್ರಹದ ಚಿತ್ರದಲ್ಲಿ ಹೊಳೆ ಎಲ್ಲಿಯವರೆಗೆ ಬಂದಿತ್ತೆಂದು ಕೂತಲ್ಲೇ ನೋಡಬಹುದು. ಆಗ ಜನರನ್ನೇ ಕೇಳಬೇಕಿತ್ತು. ಜನರ ಉತ್ತರ ನಾವು ಯಾತಕ್ಕೆ ಕೇಳುತ್ತಿದ್ದೇವೆ ಎಂಬುದರ ಮೇಲಿರುತ್ತದೆ. ಪರಿಹಾರ ಬರುತ್ತದೆ ಎನಿಸಿದರೆ ನೀರು ಜಂತಿ ಮುಟ್ಟಿರುತ್ತದೆ. ಜಾಗ ಮಾರಾಟವಾಗುತ್ತದೆ ಎನಿಸಿದರೆ ಹೊಳೆ ದಂಡೆಯನ್ನೇ ದಾಟಿರುವುದಿಲ್ಲ. ಹೀಗಾಗಿ ನಾನು ನೀರಿನ ಮಾತೇ ತೆಗೆಯುತ್ತಿರಲಿಲ್ಲ. ಆ ವರ್ಷ ಜೋಳ ಎಲ್ಲಿಟ್ಟಿದ್ರಿ, ದನ ಎಲ್ಲಿ ಕಟ್ಟಿದ್ರಿ, ಬಾಣಂತಿಯನ್ನು ಯಾರ ಮನೆಗೆ ಒಯ್ದಿರಿ ಎಂದು ಕೇಳುತ್ತಿದ್ದೆ. ಅದರಲ್ಲಿ ಸುಳ್ಳು ಹೇಳಲು ಯಾರಿಗೂ ಕಾರಣವಿರಲಿಲ್ಲ. ಆಮೇಲೆ ಹಳೆಯ ಚಾವಡಿಯ ಕಲ್ಲು, ಬಾವಿಯ ಕಟ್ಟೆ, ಮಸೀದಿಯ ಮೆಟ್ಟಿಲು ನೋಡಿ, ಕೆಸರಿನ ಕಲೆ ಎಲ್ಲಿ ನಿಂತಿದೆ ಎಂದು ಯಂತ್ರ ಹಚ್ಚಿ ಅಳೆಯುತ್ತಿದ್ದೆ.

ಹೊಸ ತಾಲ್ಲೂಕು ಘೋಷಣೆಯಾದಾಗ ಪಾಟೀಲರು ಯಾದಗಿರಿಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದರು. ನಾನು ಅವರ ಕೈಕೆಳಗೆ. ತಾಲ್ಲೂಕು ಕಚೇರಿ, ಆಸ್ಪತ್ರೆ, ಕೋರ್ಟು, ಪೊಲೀಸ್ ಠಾಣೆ ಎಲ್ಲ ಒಂದೆಡೆ ಬರಬೇಕಿತ್ತು. ಎರಡು ಜಾಗಗಳಿದ್ದವು. ಒಂದು, ಊರಿಗೆ ಅಂಟಿಕೊಂಡ ಗಾಯರಾಣ, ಅಂದರೆ ದನ ಮೇಯುವ ಸರಕಾರಿ ಭೂಮಿ. ಹಾಸಿದಂತೆ ಸಪಾಟ, ಬಸ್ ನಿಲ್ದಾಣದ ಮಗ್ಗುಲಲ್ಲಿ. ಆದರೆ ಎರೆ ಮಣ್ಣು, ಮೇಲಾಗಿ ತಗ್ಗು. ಇನ್ನೊಂದು, ಹಳ್ಳದ ಆಚೆಯ ಮಡ್ಡಿ. ಎತ್ತರದ, ನುರುಜುಗಲ್ಲಿನ ಗರಸು ನೆಲ, ಎಲ್ಲಿ ಅಗೆದರೂ ಬಂಡೆ. ಅಲ್ಲಿಗೆ ರಸ್ತೆಯಿಲ್ಲ, ಬಸ್ಸಿಲ್ಲ, ಒಂದು ಗಿಡವೂ ಇಲ್ಲ.

ಊರಿನವರೆಲ್ಲ ಗಾಯರಾಣದ ಕಡೆಗಿದ್ದರು. ಕೆಲವರು ಸುತ್ತಲಿನ ಹೊಲಗಳನ್ನು ಆಗಲೇ ಕೊಂಡಿದ್ದರು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಜಾಗದ ಬಗ್ಗೆ ಊರಲ್ಲಿ ಕರೆದ ಸಭೆಯಲ್ಲಿ ನನ್ನನ್ನು ನಿಲ್ಲಿಸಿದ್ದು ಅವರ ಮಾತಲ್ಲ. ಕೇರಿಯ ಹೆಣ್ಣುಮಗಳೊಬ್ಬಳು, ಅಲ್ಲಿಯ ಪ್ರಾಥಮಿಕ ಶಾಲೆಯ ಭೀಮಾಬಾಯಿ ಟೀಚರ್, ಎದ್ದು ನಿಂತಳು. ಕೇರಿಯವರು ಹೆಚ್ಚಿನವರು ಬೌದ್ಧರು. ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವ ಜನ. ಅವರ ಮನೆಗಳು ಹಳ್ಳದ ಬದಿಯ ತಗ್ಗಿನಲ್ಲಿ.

"ಮೇಡಂ, ಮಡ್ಡಿ ಮ್ಯಾಲ ಕಟ್ಟಿದ್ರ ಆಫೀಸ್ ಮುಳುಗಂಗಿಲ್ಲ ಅಂತೀರಿ. ಭಾಳ ಛಲೋ. ಆಫೀಸಿಗಿ ಬರೋ ಮಂದಿ ಎಲ್ಲಿ ಅದಾರ? ತಗ್ಗಿನ್ಯಾಗ ಅದೀವಿ. ಪಿಂಚಣಿ ಮುದುಕಿ ಅಲ್ಲಿತನಕ ನಡೀಬೇಕು, ಕೂಲಿ ಬಿಟ್ಟು ನಡೀಬೇಕು. ನೀರು ಬಂದ್ರ ಫೈಲ್ ಉಳೀತಾವ, ನಾವು?"

ಹಿಂದಿನ ಸಾಲಿನವರು ನಕ್ಕರು. ನನಗೆ ನಗು ಬರಲಿಲ್ಲ. ಆಸ್ಪತ್ರೆ ಮುಳುಗಿದರೆ ನಿಮಗೇ ಕಷ್ಟ ಎಂದೇನೋ ಹೇಳಿದೆ. ನಿಜವಾದ ಮಾತೇ. ಆದರೆ ಆಕೆ ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಅಂದಾಜು ಮಾಡುವಾಗ ನನಗೂ ಪಾಟೀಲರಿಗೂ ಜಟಾಪಟಿ ಶುರುವಾಯಿತು. ಗಾಯರಾಣದಲ್ಲಿ ಕಟ್ಟಡದ ಖರ್ಚು ಕಡಿಮೆ ಬಂತು. ಆದರೆ ಆ ನೆಲವನ್ನು ಹಳೆಯ ಪ್ರವಾಹದ ಗುರುತಿಗಿಂತ ಮೇಲೆತ್ತಲು ಗರಸು ತಂದು ಸುರಿಯಬೇಕು, ಎರೆ ಮಣ್ಣಿನ ಕೆಳಗಿನ ಗಟ್ಟಿ ನೆಲದ ತನಕ ಕಂಬ ಇಳಿಸಬೇಕು. ಅದನ್ನು ಕೂಡಿಸಿದರೆ ಮಡ್ಡಿಗಿಂತ ದುಬಾರಿ.

"ಭರ್ತಿ ಖರ್ಚು ಬ್ಯಾರೆ ಕೆಲಸ ಅಂತ ಮಾಡ್ರಿ," ಎಂದರು ಪಾಟೀಲರು. "ಮುಂದಿನ ವರ್ಷ ಕೇಳೋಣ. ಈಗ ಕಟ್ಟಡದ್ದಷ್ಟೇ ತೋರ್ಸ್ರಿ."

"ಸಾಹೇಬ್ರ, ಮುಂದಿನ ವರ್ಷ ಕೊಡಲಿಲ್ಲಂದ್ರ?"

"ಕೊಡ್ತಾರ."

"ಕಟ್ಟಡ ತಗ್ಗಿನ್ಯಾಗ ಎದ್ದು ನಿಂತ ಮ್ಯಾಲ ಯಾರೂ ಕೊಡಂಗಿಲ್ರಿ. ಎರಡೂ ಕೂಡಿಸಿ ತೋರಿಸಿದ್ರ ನಾ ಸಹಿ ಮಾಡ್ತೀನಿ. ಇಲ್ಲಂದ್ರ ನೀವು ಬ್ಯಾರೆಯವರಿಗಿ ಹೇಳ್ರಿ."

ಅವರು ಪೆನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿದರು. ನನ್ನನ್ನು ಅಲ್ಲಿಂದ ಎತ್ತಂಗಡಿ ಮಾಡುತ್ತಾರೆಂದೇ ಅಂದುಕೊಂಡು ಮನೆಗೆ ಬಂದೆ. ಹಾಗಾಗಲಿಲ್ಲ. ಬೈದುಕೊಂಡೇ ಎರಡೂ ಖರ್ಚು ಕೂಡಿಸಿ ಮೇಲೆ ಕಳಿಸಿದರು. ಮಡ್ಡಿ ಗೊತ್ತಾಯಿತು. ಊರಿನಲ್ಲಿ ಹೊಲ ಕೊಂಡವರು ನನ್ನ ಹೆಸರು ಹೇಳಿ ಶಾಪ ಹಾಕಿದರಂತೆ.

ಗೆದ್ದೆನೆಂದು ನಾನು ಹಿಗ್ಗಿದ್ದು ಸ್ವಲ್ಪ ದಿನ ಮಾತ್ರ. ಮಡ್ಡಿಗೆ ರಸ್ತೆ ಬೇಕಲ್ಲ? ಊರಿಂದ ಹೊರಟು, ತಗ್ಗು ದಾಟಿ, ಹಳ್ಳದ ಮೇಲೆ ಹಾಯ್ದು ಹೋಗಬೇಕು. ಮಳೆಗಾಲದಲ್ಲೂ ವಾಹನ ಓಡಬೇಕಾದರೆ ರಸ್ತೆಯನ್ನು ಮಣ್ಣು ಹಾಕಿ ಎತ್ತರಿಸಬೇಕು. ಎತ್ತರಿಸಿದ ರಸ್ತೆ ತಗ್ಗಿಗೆ ಅಡ್ಡ ಕಟ್ಟಿದ ಒಡ್ಡಿದ್ದಂತೆ. ಹಳ್ಳದ ನೀರು ಹಾಯಲು ಕೆಳಗೆ ದೊಡ್ಡ ಕಣ್ಣುಗಳನ್ನು ಬಿಡಬೇಕು, ಒಂದು ಸೇತುವೆಯೇ ಆಗಬೇಕು. ನಾನು ಹಾಗೆಯೇ ನಕ್ಷೆ ಮಾಡಿದೆ. ಮೇಲಿನಿಂದ ಮಂಜೂರಾದ ಹಣ ಅಷ್ಟಕ್ಕೆ ಸಾಲಲಿಲ್ಲ. ಪಾಟೀಲರು ಸೇತುವೆ ತೆಗೆದು ಸಿಮೆಂಟ್ ಪೈಪು ಹಾಕಿಸಿದರು.

"ಕಟ್ಟಡ ಬೇಕೋ, ಕಣ್ಣು ಬೇಕೋ? ಎರಡೂ ಸಿಗಂಗಿಲ್ಲ," ಎಂದರು.

"ಒಡ್ಡಿನ ಹಿಂದ ಕೇರಿ ಅದರಿ."

"ಪೈಪ್ ಅದಾವಲ್ಲ? ನೀರು ತುಸು ನಿಧಾನ ಹೋಗ್ತದ, ಅಷ್ಟ."

ವಾದ ಮಾಡಿದೆ, ಸೋತೆ. ಬಳಿಕ ನನ್ನನ್ನು ಬೇರೆ ಕೆಲಸಕ್ಕೆ ಹಾಕಿದರು. ರಸ್ತೆ ನಾನಿಲ್ಲದಾಗ ಮುಗಿಯಿತು. ಕಚೇರಿಗಳು ಮಡ್ಡಿಯ ಮೇಲೆ ಬಂದವು, ಬಸ್ಸೂ ಬಂತು. ಕೆಲವು ವರ್ಷ ಮಳೆಯೇ ಸರಿಯಾಗಿ ಆಗಲಿಲ್ಲ. ಪೈಪಿನ ಮಾತು ಎಲ್ಲರೂ ಮರೆತರು. ಆ ಊರಿನ ಉಸ್ತುವಾರಿ ಮತ್ತೆ ನನಗೇ ಬಂದಾಗ ಪೈಪಿನ ಬಾಯಲ್ಲಿ ಜಾಲಿ ಬೆಳೆದಿತ್ತು. ಅದನ್ನು ಕಡಿಸುವುದನ್ನು ವರ್ಷಕ್ಕೊಮ್ಮೆ ತಪ್ಪದೇ ಮಾಡಿಸಿದೆ. ಕೈಲಿದ್ದದ್ದು ಅಷ್ಟೇ.

ಆಮೇಲೆ ಆ ಮಳೆಗಾಲ ಬಂತು. ಮೇಲಿನ ಹಳ್ಳಿಗಳ ಮೇಲೆ ರಾತ್ರಿಯೆಲ್ಲ ಸುರಿದ ಮಳೆ ಬೆಳಗ್ಗೆ ಹಳ್ಳಕ್ಕೆ ಇಳಿಯಿತು. ನಾನು ಮಡ್ಡಿಯ ಮೇಲೆ ತಾಲ್ಲೂಕು ಕಚೇರಿಯಲ್ಲಿದ್ದೆ. ಭೀಮಾಬಾಯಿಯ ಫೋನ್ ಬಂತು.

"ಮೇಡಂ, ಹಳ್ಳ ಹಿಂದಕ್ಕ ಬರಾಕತ್ತದ. ಮುಂದ ಹೋಗವಲ್ದು. ಮನ್ಯಾಗ ನೀರು ಹೊಕ್ಕಾವ. ಮುದುಕರು, ಹುಡುಗರು ಮಾಳಗಿ ಏರ್ಯಾರ. ಲಗೂನ ಬರ್ರಿ."

ಅಂಬಿಗರನ್ನು ಕಳಿಸಲು ತಹಶೀಲ್ದಾರರು ಫೋನಿಗೆ ಕೂತರು. ನಾನು ರಸ್ತೆಗೆ ಓಡಿದೆ. ಮಡ್ಡಿಯ ಮೇಲೆ ಕೆಲಸಕ್ಕೆ ನಿಂತಿದ್ದ ಜೆಸಿಬಿಯನ್ನು ಮೆಹಬೂಬ ಎಂಬ ಚಾಲಕ ಹೊಡೆದುಕೊಂಡು ನನ್ನ ಹಿಂದೆ ಬಂದ, ಕಚೇರಿಯ ಕೆಲವರೂ ಒಬ್ಬ ಪೊಲೀಸಪ್ಪನೂ ಬಂದರು. ರಸ್ತೆಯ ನಡುವೆ ಹೋಗಿ ನಿಂತೆ. ಎಡಕ್ಕೆ ಕೇರಿ, ಬಾಗಿಲ ಅರ್ಧಕ್ಕೆ ನೀರು. ಮಾಳಿಗೆಗಳ ಮೇಲೆ ಸೀರೆ ಹೊದ್ದು ಕೂತ ಜನ. ಬಲಕ್ಕೆ ಹೊಳೆಯ ದಿಕ್ಕಿಗೆ ಇಳಿದುಹೋಗುವ ಹತ್ತಿ ಹೊಲಗಳು, ಅಲ್ಲಿ ಪಾದ ಮುಳುಗುವಷ್ಟೇ ನೀರು. ರಸ್ತೆಯ ಅಂಚಿನಿಂದ ಎರಡೂ ಕಡೆ ಟೇಪು ಇಳಿಬಿಟ್ಟು ನೋಡಿದೆ. ಕೇರಿಯ ಕಡೆ ನೀರು ರಸ್ತೆಗೆ ಒಂದು ಗೇಣಷ್ಟೇ ಕೆಳಗಿತ್ತು. ಹೊಳೆಯ ಕಡೆ ಆಳೆತ್ತರಕ್ಕಿಂತ ಹೆಚ್ಚು ಕೆಳಗೆ. ಹಳ್ಳವನ್ನು ತಡೆದು ನಿಲ್ಲಿಸಿದ್ದು ನಮ್ಮ ರಸ್ತೆಯೇ.

ಮೆಹಬೂಬ ಯಂತ್ರದ ಕೈ ಇಳಿಸಿ ಪೈಪಿನ ಬಾಯಿ ಬಿಡಿಸಲು ನೋಡಿದ. ಹತ್ತಿಕಟ್ಟಿಗೆ, ಮುಳ್ಳುಕಂಟಿ, ಯಾರದೋ ಛಪ್ಪರದ ತಗಡು, ಎಲ್ಲ ಒತ್ತಿಕೊಂಡು ಕೂತಿತ್ತು. ಒಂದಿಷ್ಟು ತೆಗೆದರೆ ಅದರ ಎರಡರಷ್ಟು ಬಂದು ತುಂಬುತ್ತಿತ್ತು.

"ಆಗಂಗಿಲ್ರಿ ಮೇಡಂ," ಎಂದ. "ಬಕೆಟ್ ಪೈಪೇ ಮುಟ್ಟವಲ್ದು."

ಯಾದಗಿರಿಗೆ ಫೋನ್ ಹಚ್ಚಿದೆ. ಪಾಟೀಲರು ಎತ್ತಿದರು.

"ಸಾಹೇಬ್ರ, ರಸ್ತಾ ಕಡೀಬೇಕು. ಮಂದಿ ಮಾಳಗಿ ಮ್ಯಾಲ ಅದಾರ. ಎಲ್ಲಾ ಮಣ್ಣಿನ ಗ್ವಾಡಿ. ನೆಂದು ಕುಸಿದ್ರ ಮಾಳಗಿ ಸಮೇತ ಕೂಡ್ತಾವ."

"ಸ್ವಲ್ಪ ತಡೀರಿ. ಅದೊಂದೇ ರಸ್ತಾ ಅದ ದವಾಖಾನಿಗಿ. ಮ್ಯಾಲಿನ ಡ್ಯಾಂ ನೀರು ಬಿಟ್ಟಾರ, ಸಂಜಿಗಿ ಹೊಳಿ ಏರ್ತದ. ನೀವು ಕಡದ್ರ ಹೊಳಿನೂ ಅದೇ ದಾರೀಲೆ ಕೇರಿಗಿ ನುಗ್ಗತದ. ಲೆಕ್ಕ ಹಾಕೀರೇನು?"

"ಹಾಕೀನಿ."

"ನಾ ಮ್ಯಾಲ ಕೇಳ್ತೀನಿ. ಆರ್ಡರ್ ಇಲ್ದ ಕಡೀಬ್ಯಾಡ್ರಿ. ಕೇಳಿಸ್ತದೇನು? ಆರ್ಡರ್ ಇಲ್ದ…"

ಫೋನ್ ಕಡಿದುಹೋಯಿತು. ಮತ್ತೆ ಹತ್ತಲಿಲ್ಲ.

ಅವರು ಕೇಳಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು. ನಾನು ಹಾಕೀನಿ ಎಂದದ್ದು ಪೂರ್ತಿ ನಿಜವಲ್ಲ, ಆಗ ಹಾಕುತ್ತಿದ್ದೆ. ಹೊಳೆಯ ಹಳೆಯ ಗುರುತುಗಳನ್ನೆಲ್ಲ ಜಾಗ ನೋಡುವಾಗ ನಾನೇ ಅಳೆದಿದ್ದೆ. ಚಾವಡಿಯ ಕಲ್ಲಿನ ಮೇಲಿನ ಕಲೆ ಎಷ್ಟು ಎತ್ತರವೆಂದು ತಲೆಯಲ್ಲಿತ್ತು. ಹೊಳೆ ಎಷ್ಟೇ ಬಂದಿದ್ದರೂ, ಈಗ ಕೇರಿಯಲ್ಲಿ ನಿಂತಿರುವ ಮಟ್ಟಕ್ಕೆ ಎಂದೂ ಬಂದಿರಲಿಲ್ಲ. ಕಡಿದರೆ ಸಂಜೆಗೆ ಹೊಳೆ ಬರುತ್ತದೆ, ಆದರೆ ಇದಕ್ಕಿಂತ ಕೆಳಗೇ ನಿಲ್ಲುತ್ತದೆ. ಇದುವರೆಗೆ ಬಂದದ್ದಕ್ಕಿಂತ ದೊಡ್ಡದು ಇವತ್ತೇ ಬಂದರೆ? ಆ ಪ್ರಶ್ನೆಗೆ ಯಾವ ಕಲ್ಲಿನ ಮೇಲೂ ಉತ್ತರವಿರಲಿಲ್ಲ. ಟೇಪು ಸುತ್ತಿಟ್ಟೆ.

"ಇಲ್ಲಿ ಕಡಿ," ಎಂದು ಮೆಹಬೂಬನಿಗೆ ಜಾಗ ತೋರಿಸಿದೆ.

"ಆರ್ಡರ್ ಅದೇನ್ರಿ? ನಾಳಿಗಿ ನನ್ನ ಹಿಡೀತಾರ."

"ನಾನೇ ಆರ್ಡರ್. ಇಷ್ಟು ಮಂದಿ ಮುಂದ ಹೇಳಾಕತ್ತೀನಿ."

ಅವನು ಗಾಡಿ ತಿರುಗಿಸಿದ. ಅಷ್ಟರಲ್ಲಿ ಬಲಬದಿಯ ಹೊಲದ ಸಾಬಣ್ಣ ಬಂದು ಜೆಸಿಬಿಯ ಮುಂದೆ ನಿಂತ. ಸಣ್ಣ ರೈತ. ಇದ್ದದ್ದು ಆ ಒಂದೇ ತುಂಡು ಹೊಲ, ಹತ್ತಿ ಮೊಣಕಾಲೆತ್ತರ ಬೆಳೆದು ನಿಂತಿತ್ತು.

"ಅಕ್ಕೋರ, ಇಲ್ಲಿ ಕಡದ್ರ ನೀರು ನನ್ನ ಹೊಲದಾಗ ಬೀಳ್ತದ."

"ಬೀಳ್ತದ ಸಾಬಣ್ಣ."

"ಬೆಳಿ ಹೋಗ್ತದ."

"ಬೆಳಿ ಅಷ್ಟೇ ಅಲ್ಲ. ಮ್ಯಾಲಿನ ಮಣ್ಣೂ ಹೋಗ್ತದ. ನಿನಗ ಸುಳ್ಳು ಹೇಳಂಗಿಲ್ಲ."

"ಆ ಕಡಿ ಕಡೀರಿ ಮತ್ತ. ಮಡ್ಡಿ ಬಾಜೂಕ."

"ಅಲ್ಲಿ ನೆಲ ಎತ್ತರ ಅದ. ನೀರು ಇಳಿಯಂಗಿಲ್ಲ. ಹಳ್ಳದ ದಾರಿ ಇದೇ."

ಅವನು ಸರಿಯಲಿಲ್ಲ. ಬಕೆಟಿನ ಹಲ್ಲು ಹಿಡಿದು ನಿಂತ. ಕೂಗಲಿಲ್ಲ, ಬೈಯಲಿಲ್ಲ. ಅವನನ್ನು ಎಳೆದುಹಾಕಲು ಅಲ್ಲಿದ್ದ ಪೊಲೀಸಪ್ಪ ಮುಂದೆ ಬಂದ, ನಾನು ಬೇಡವೆಂದೆ. ಕೇರಿಯ ಕಡೆಯಿಂದ ಧಸಕ್ಕೆಂದು ಸದ್ದು ಬಂತು. ಅಂಚಿನ ಮನೆಯ ಗೋಡೆ ಕೂತಿತ್ತು. ಅದರ ಮಾಳಿಗೆ ಒಂದು ಮಗ್ಗುಲಿಗೆ ವಾಲಿತು. ಮೇಲಿದ್ದವರು ಚೀರುತ್ತ ಪಕ್ಕದ ಮಾಳಿಗೆಗೆ ತೆವಳಿದರು. ಭೀಮಾಬಾಯಿ ಎದೆಮಟ್ಟದ ನೀರಲ್ಲಿ ನಿಂತು ಮಗುವೊಂದನ್ನು ಮೇಲಕ್ಕೆ ಎತ್ತಿಕೊಡುತ್ತಿದ್ದದ್ದು ನಮಗೆ ಕಂಡಿತು.

ಸಾಬಣ್ಣ ಬಕೆಟಿನಿಂದ ಕೈ ತೆಗೆದ.

"ನಾ ಹೋದ ಮ್ಯಾಲ ಕಡೀರಿ," ಎಂದ. "ನೋಡಾಕ ಆಗಂಗಿಲ್ಲ ನನಗ."

ಊರಿನ ಕಡೆಗೆ ನಡೆದ. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಮೆಹಬೂಬ ಹೊಳೆಯ ಬದಿಯಿಂದ ಮಣ್ಣು ತೋಡುತ್ತ ಬಂದ. ಡಾಂಬರಿನ ಪದರ ಒಡೆಯಿತು, ಕೆಳಗಿನ ಗರಸು ಬಂತು. ಕೊನೆಗೆ ತೆಳ್ಳನೆಯ ಗೋಡೆಯಷ್ಟು ಮಣ್ಣು ಉಳಿದಾಗ ನಾನು ಕೈ ಎತ್ತಿ ನಿಲ್ಲಿಸಿದೆ. "ಒಂದು ಸಲ ಹೊಡದು ಹಿಂದಕ್ಕ ಬಾ. ನಿಂದ್ರಬ್ಯಾಡ." ಅವನು ಬಕೆಟ್ ಬೀಸಿ ಹಿಂದಕ್ಕೆ ಎಳೆದ. ನೀರು ಮೊದಲು ಸಣ್ಣಗೆ, ಕೊಡದ ಬಾಯಿಂದ ಬಂದಂತೆ ಬಂತು. ಮರುಗಳಿಗೆಯಲ್ಲಿ ರಸ್ತೆಯ ತುಂಡು ತುಂಡೇ ಕಳಚಿ ಬೀಳತೊಡಗಿತು. ಹಿಂದೆ ಸರಿಯುತ್ತಿದ್ದ ಜೆಸಿಬಿಯ ಮುಂದಿನ ಗಾಲಿಯ ಕೆಳಗಿನ ನೆಲ ಜಾರಿತು. ಗಾಡಿ ಮುಗ್ಗರಿಸಿತು. "ಜಿಗಿ!" ಎಂದು ಎಲ್ಲರೂ ಕೂಗಿದೆವು. ಅವನು ಜಿಗಿಯಲಿಲ್ಲ. ಬಕೆಟನ್ನು ನೆಲಕ್ಕೆ ಊರಿ, ಅದರ ಬಲದಿಂದ ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಬಂದ. ಅವನು ನಿಂತಿದ್ದ ಜಾಗ ನಮ್ಮ ಕಣ್ಣೆದುರು ಹಳ್ಳವಾಯಿತು. ಕೆಳಗಿಳಿದವನೇ ರಸ್ತೆಯ ಮೇಲೆ ಕೂತುಬಿಟ್ಟ.

ಸಾಬಣ್ಣನ ಹೊಲ ಕಾಣಿಸಲಿಲ್ಲ. ಕೆಂಪು ನೀರು ಮೊರೆಯುತ್ತ ಅದರ ಮೇಲೆ ಹಾಯ್ದುಹೋಯಿತು. ಕೇರಿಯ ಗೋಡೆಗಳ ಮೇಲೆ ಒದ್ದೆಯ ಗೆರೆ ಮೂಡಿ, ನೀರು ಅದರಿಂದ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯಿತು. ಅಂಬಿಗರು ಹರಿಗೋಲು ತಂದು ಜನರನ್ನು ಊರಿನ ಶಾಲೆಗೆ ಸಾಗಿಸಿದರು. ಸಂಜೆ ಹೊಳೆ ಏರಿತು. ಕತ್ತರಿಸಿದ ಜಾಗದಿಂದ ಕೇರಿಯೊಳಗೆ ಬಂತು. ನಾನು ಗೋಡೆಗಳ ಮೇಲಿನ ಗೆರೆ ನೋಡುತ್ತ ನಿಂತೆ. ಮೊಣಕಾಲ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಏರಲಿಲ್ಲ.

ಹಲವು ಮನೆಗಳು ಬಿದ್ದವು, ಆಡುಗಳು ಹೋದವು. ಮನುಷ್ಯರೆಲ್ಲ ಉಳಿದರು.

ನೀರು ಇಳಿದ ಮೇಲೆ ನನಗೆ ನೋಟೀಸು ಬಂತು, ಸರಕಾರಿ ಆಸ್ತಿ ಹಾಳು ಮಾಡಿದ್ದಕ್ಕೆ. ಅದರ ಹಿಂದೆಯೇ, ಕಡಿದ ಜಾಗವನ್ನು ಕೂಡಲೇ ಮಣ್ಣು ತುಂಬಿ ಮೊದಲಿನಂತೆ ಮಾಡಬೇಕೆಂದು ಆದೇಶ. ಮೊದಲನೆಯದಕ್ಕೆ ಉತ್ತರ ಕೊಟ್ಟೆ. ಎರಡನೆಯದನ್ನು ಪಾಲಿಸಲಿಲ್ಲ. ಮಣ್ಣು ತುಂಬುವುದು ಅಗ್ಗ, ತುಂಬಿದರೆ ಸೇತುವೆ ಮತ್ತೆಂದೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಜನ ಹಳ್ಳಕ್ಕಿಳಿದು ಕೆಸರು ತುಳಿದು ಮಡ್ಡಿಗೆ ಹೋಗುತ್ತಿದ್ದರು. ಊರಿನವರು ಕಚೇರಿಗೆ ಬಂದು ಬೈದರು. ಕೇರಿಯವರೂ ಬೈದರು. ಬಸುರಿ ಹೆಣ್ಣುಮಗಳನ್ನು ಮಂಚದ ಮೇಲೆ ಹೊತ್ತು ಹಳ್ಳ ದಾಟಿಸಿದ ದಿನ ನನಗೆ ಊಟ ಸೇರಲಿಲ್ಲ. ಇನ್ನು ಆಗದು, ನಾಳೆ ಲಾರಿಗೆ ಹೇಳೋಣ ಎಂದು ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಪಾಟೀಲರ ಜೀಪು ಬಂತು.

ನನ್ನ ಕೂಡ ಮಾತಾಡದೆ ನೇರವಾಗಿ ಕಡಿದ ಜಾಗಕ್ಕೆ ಇಳಿದರು. ಪ್ಯಾಂಟಿಗೆ ಕೆಸರು ಹತ್ತಿತು. ಪೈಪಿನ ಬಾಯಿ ನೋಡಿದರು. ಕೇರಿಯ ಗೋಡೆಗಳ ಮೇಲಿನ ಗೆರೆ ನೋಡಿದರು. ಸಾಬಣ್ಣನ ಹೊಲದ ಕಡೆ ಹೋಗಿ, ಮೇಲ್ಮಣ್ಣು ಕೊಚ್ಚಿಹೋಗಿ ಸುಣ್ಣಗಲ್ಲು ಎದ್ದಿದ್ದ ಜಾಗದಲ್ಲಿ ನಿಂತರು.

"ವಿಚಾರಣೆಯೊಳಗ ನನ್ನ ಮಾತಿನ ಮ್ಯಾಲ ಕಡದೆ ಅಂತ ಹೇಳ್ರಿ," ಎಂದರು. "ಫೋನ್‌ನಾಗ ಹೂಂ ಅಂದಿದ್ದೆ ಅಂತ ನಾನೂ ಹೇಳ್ತೀನಿ. ನಿಮ್ಮ ಮ್ಯಾಲ ಏನೂ ಬರಂಗಿಲ್ಲ."

ಆಸೆಯಾಯಿತು, ಮುಚ್ಚಿಡುವುದಿಲ್ಲ. ಆದರೆ ಹಾಗೆಂದರೆ ಯಾಕೆ ಕಡಿಯಬೇಕಾಯಿತು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

"ಕಡದಾಕಿ ನಾನೇ ಅಂತ ಹೇಳ್ತೀನ್ರಿ ಸಾಹೇಬ್ರ. ಕಣ್ಣು ಯಾಕ ಇರಲಿಲ್ಲ ಅನ್ನೋದು ನೀವು ಹೇಳ್ರಿ."

ಅವರ ಮುಖ ಕೆಂಪಾಯಿತು. ಭೀಮರಾಯನಗುಡಿಯ ದಿನಗಳಿಂದ ಅವರನ್ನು ಬಲ್ಲೆ. ಸಿಟ್ಟು ಬಂದರೆ ಅಲ್ಲೇ ಹಾರಾಡುವವರು. ಅವತ್ತು ಹಾರಾಡಲಿಲ್ಲ. ಹಳ್ಳದಲ್ಲಿ ಹರಿಯುತ್ತಿದ್ದ ತಿಳಿ ನೀರು ನೋಡುತ್ತ, "ಎಷ್ಟು ಕಣ್ಣು ಬೇಕಂತೀರಿ?" ಎಂದರು.

"ನಾ ಮೊದಲ ಹಾಕಿದಷ್ಟು."

"ಅಷ್ಟು ಸಾಲಂಗಿಲ್ಲ," ಎಂದರು. "ಇನ್ನೊಂದು ಹಾಕ್ರಿ."

ವಿಚಾರಣೆಯಲ್ಲಿ, ಸೇತುವೆ ತೆಗೆದು ಪೈಪು ಹಾಕಿಸಿದ್ದು ತಾನೇ ಎಂದು ಅವರಾಗಿಯೇ ಹೇಳಿದರು. ಹಣ ಸಾಲದಿದ್ದರೆ ಕಟ್ಟಡದ ಒಂದು ಅಂತಸ್ತು ಬಿಡಬಹುದಿತ್ತು, ನೀರಿನ ದಾರಿ ಬಿಡಬಾರದಿತ್ತು ಎಂದರು. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವರಿಗೆ ಬರಬೇಕಾದ ಬಡ್ತಿ ಬರಲಿಲ್ಲ. ಅದೇ ಕುರ್ಚಿಯಿಂದಲೇ ನಿವೃತ್ತರಾದರು. ಸೇತುವೆಯಂತೂ ಆಯಿತು.

ಸಾಬಣ್ಣನಿಗೆ ಬೆಳೆಯ ಪರಿಹಾರ ಸಿಕ್ಕಿತು. ಮಣ್ಣಿಗೆ ಪರಿಹಾರ ಕೊಡುವ ನಿಯಮವೇ ಇರಲಿಲ್ಲ. ಕೆರೆಯ ಹೂಳು ತರಿಸಿ ಹೊಲಕ್ಕೆ ಹಾಕಿಸಲು ನಾನು ಬಹಳ ಓಡಾಡಿದೆ, ಅರ್ಧ ಹೊಲಕ್ಕಷ್ಟೇ ಆಯಿತು. ಅವನು ಎದುರಿಗೆ ಸಿಕ್ಕಾಗ ನಮಸ್ಕಾರ ಮಾಡುತ್ತಾನೆ, ಮಾತಾಡುವುದಿಲ್ಲ. ಅದು ನ್ಯಾಯವೇ ಎನಿಸುತ್ತದೆ.

ಸೇತುವೆಯಾದ ಮೇಲೂ ಕೇರಿ ತಗ್ಗಿನಲ್ಲೇ ಇತ್ತು. ಮಡ್ಡಿಯಲ್ಲಿ ಕಚೇರಿಗಳ ಹಿಂದೆ ಅಧಿಕಾರಿಗಳ ಮನೆಗೆಂದು ಇಟ್ಟ ಜಾಗ ಖಾಲಿ ಬಿದ್ದಿತ್ತು. ಅದನ್ನು ಕೇರಿಯವರಿಗೆ ಕೊಡಿ ಎಂದು ಭೀಮಾಬಾಯಿ ತಾಲ್ಲೂಕು ಕಚೇರಿಯಿಂದ ಜಿಲ್ಲಾ ಕಚೇರಿಯ ತನಕ ಅಲೆದಳು. ಹೋದಲ್ಲೆಲ್ಲ ನಾನು ಅವಳ ಜೊತೆ ಕೂತು, ಇಲ್ಲಿ ಎಂದೂ ಪ್ರವಾಹ ಬರುವುದಿಲ್ಲ ಎಂದು ನಕ್ಷೆ ಹಿಡಿದು ಹೇಳಿದೆ. ಕಡೆಗೆ ಒಪ್ಪಿದರು. ನನ್ನ ನೌಕರಿಯ ಕೊನೆಯ ತಿಂಗಳುಗಳು ಅಲ್ಲಿ ನಿವೇಶನ ಗುರುತು ಹಾಕುವುದರಲ್ಲಿ ಕಳೆದವು.

ಗೂಟ ಹೊಡೆಸುತ್ತಿದ್ದಾಗ ಭೀಮಾಬಾಯಿ ಬಂದು ಸುತ್ತಲೂ ನೋಡಿದಳು. "ಹೊಳಿ ನೀರು ಇಲ್ಲಿಗಿ ಬರಂಗಿಲ್ಲ, ಖರೇ. ಕುಡಿಯೋ ನೀರು ಬರ್ತಾವೇನ್ರಿ ಮೇಡಂ?"

ಕಚೇರಿಗಳ ಟಾಕಿಯಿಂದ ಇಲ್ಲಿಗೊಂದು ಪೈಪು ಎಳೆಯುವುದನ್ನು ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನಿವೃತ್ತಿಗೆ ಮುಂಚೆ ಅದೊಂದನ್ನು ಮಾಡಿಸಿದೆ. ಬಂಡೆ ಒಡೆದು ಪೈಪು ಹಾಕಿದ್ದು ನಿರೀಕ್ಷೆಗಿಂತ ದುಬಾರಿಯಾಯಿತು. ಈ ಸಲ ಯಾರೂ ಕಡಿಮೆ ಮಾಡಿ ಎನ್ನಲಿಲ್ಲ.

ಒಬ್ಬೊಬ್ಬರಾಗಿ ಜನ ಮೇಲೆ ಬಂದರು. ಎಲ್ಲರೂ ಅಲ್ಲ. ಭೀಮಾಬಾಯಿಯ ಅತ್ತೆಯೇ ಬರಲು ಒಪ್ಪಲಿಲ್ಲ. ತಾನು ಮದುವೆಯಾಗಿ ಬಂದ ಮನೆ, ಗೆಳತಿಯರು, ಬೇವಿನ ಗಿಡ, ಎಲ್ಲ ಕೆಳಗಿವೆ ಎಂದು ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿಕೊಂಡು ಅಲ್ಲೇ ಉಳಿದಳು. ಪ್ರತಿ ಮಳೆಗಾಲ ಸೊಸೆ ಹೋಗಿ ಜಗಳಾಡಿ, ಅತ್ತು, ಅವಳನ್ನು ಎಬ್ಬಿಸಿಕೊಂಡು ಬರುವುದು ನಡೆದೇ ಇತ್ತು.

ಈ ವರ್ಷ ಮೋಡ ಕಟ್ಟಿದ ಒಂದು ಮಧ್ಯಾಹ್ನ ಭೀಮಾಬಾಯಿ ಫೋನ್ ಮಾಡಿದಳು. ಮಳೆಗಾಲದಲ್ಲಿ ಅವಳ ಫೋನ್ ಬಂದರೆ ಈಗಲೂ ಕೈಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ.

"ಮೇಡಂ, ಅತ್ತಿ ಬಂದಾಳ. ನಾ ಕರಿಯಾಕ ಹೋಗಿಲ್ಲ. ಹಾಸಗಿ ಸುತ್ತಿ ತಲಿಮ್ಯಾಲ ಇಟ್ಕೊಂಡು, ಕೋಳಿ ಬಗಲಾಗ ಹಿಡ್ಕೊಂಡು, ಸೇತುವಿ ಮ್ಯಾಲ ನಡ್ಕೊಂತ ತಾನಾಗೇ ಬಂದಾಳ."

"ಹೊಳಿ ಹೆಂಗದ?" ಎಂದೆ.

"ಹೊಳಿ ಇನ್ನಾ ದಂಡಿ ಮುಟ್ಟಿಲ್ರಿ."